ಎಡಗಾಲಿಗೆ ಕೆಲಸವಿಲ್ಲದ ಗಾಡಿ

“ಎರಡೂ ಒಂದೇ ಕಂಪನಿಯವು. ಕೂರದೆ ಎಲ್ಲಿಗೋಯ್ತದೆ?” ಎಂಬುದು ಸೋಡಾ ಫ್ಯಾಕ್ಟರಿ ಸಾವ್ಕಾರರ ವಾದ. ಇದು ವಾದವೇ ಅಲ್ಲ ಎಂದು ನಾನು ಮೊದಲ ದಿನವೇ ಹೇಳಿದೆ. ಒಬ್ಬ ತಾಯಿ ಹೆತ್ತ ಅಣ್ಣತಮ್ಮಂದಿರಿಗೆ ಒಂದೇ ಅಳತೆಯ ಚಪ್ಪಲಿ ಆಗಬೇಕೆಂದು ಎಲ್ಲಿದೆ? ಸಾವ್ಕಾರರು ನಕ್ಕು, “ನಿನ್ನ ಅಳಿಯ ಲಾಯರಾಗ್ಬೇಕಿತ್ತು ಕಣಯ್ಯ” ಎಂದು ನಮ್ಮ ಸೋದರಮಾವನಿಗೆ ಹೇಳಿ ಎದ್ದುಹೋದರು. ನಕ್ಕರೆ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ ಎಂದು ಮಾವನಿಗೆ ವಿವರಿಸಲು ಹೋದೆ. “ಮೊದ್ಲು ಸ್ಪ್ಯಾನರ್ ಇಡ್ಕೊಳ್ಳಲಾ” ಎಂದರು ಮಾವ.

ಸಾವ್ಕಾರರ ಪಿಕಪ್ಪು ಕೊಡಗಿನ ಎಸ್ಟೇಟೊಂದು ಮಾರಿಬಿಟ್ಟಿದ್ದ ಹಳೆಯ ಅಮೆರಿಕನ್ ಗಾಡಿ. ಹುಣಸೂರಿನ ನಮ್ಮ ಮಾವನ ಗ್ಯಾರೇಜಿನ ಹಿತ್ತಲಲ್ಲಿ ಅದೇ ಕಂಪನಿಯ, ಆದರೆ ಅದಕ್ಕಿಂತ ಬಹಳ ಈಚಿನ ಕಾರೊಂದು ಬಿದ್ದಿತ್ತು. ಮಡಿಕೇರಿ ರಸ್ತೆಯ ಮರಕ್ಕೆ ಗುದ್ದಿ ಮೂತಿ ಜಜ್ಜಿಹೋಗಿತ್ತು. ಯಜಮಾನರು ಅದನ್ನು ಗುಜರಿಗೆಂದು ಬಿಟ್ಟುಹೋಗಿದ್ದರು. ಆ ಕಾರಿಗೆ ಕ್ಲಚ್ಚೇ ಇರಲಿಲ್ಲ. ಬ್ರೇಕು ಮತ್ತು ಆಕ್ಸಿಲರೇಟರು, ಎರಡೇ ಪೆಡಲು. ಗೇರನ್ನು ಅದು ತಾನೇ ಬದಲಾಯಿಸಿಕೊಳ್ಳುತ್ತಿತ್ತು. ಎಂಜಿನ್ನು ಪುಡಿಯಾಗಿದ್ದರೂ ಅದರ ಹಿಂದಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚಿ ಪಿಕಪ್ಪಿಗೆ ಕೂರಿಸಬೇಕು ಎಂಬುದು ಕೆಲಸ.

ಯಾಕೆ ಎಂದರೆ, ಪಿಕಪ್ಪಿನ ಡ್ರೈವರಿಗೆ ಎಡಗಾಲು ಇರಲಿಲ್ಲ.

ಮರ ಕೊಯ್ಯುವ ಸಾಮಿಲ್ಲೊಂದರ ಮುಂದೆ ಸೋಡಾ ಇಳಿಸುತ್ತಿದ್ದಾಗ ಪಕ್ಕದ ಲಾರಿಯಿಂದ ಜಾರಿದ ದಿಮ್ಮಿ ಅವರ ಕಾಲಿನ ಮೇಲೆ ಬಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಊರುಗೋಲು ಹಿಡಿದು ಹೊರಗೆ ಬಂದವರು ನೇರವಾಗಿ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ಹೋಗಿ ನಿಂತು, ನನ್ನ ಲೈಸೆನ್ಸ್ ಗತಿ ಏನು ಸ್ವಾಮಿ ಎಂದು ಕೇಳಿದರಂತೆ. “ಎಡಗಾಲಿಗೆ ಕೆಲಸವಿಲ್ಲದ ಗಾಡಿ ತಂದು ತೋರಿಸಪ್ಪ, ಆಮೇಲೆ ನೋಡೋಣ” ಎಂದು ಆ ಇನ್‌ಸ್ಪೆಕ್ಟರು ಹೇಳಿದ್ದು ಸಮಾಧಾನಕ್ಕೋ, ಸಾಗಹಾಕಲಿಕ್ಕೋ ನನಗೆ ಗೊತ್ತಿಲ್ಲ. ಡ್ರೈವರಣ್ಣ ಮಾತ್ರ ಆ ಮಾತನ್ನು ಹಾಗೇ ಹೊತ್ತುಕೊಂಡು ನಮ್ಮ ಗ್ಯಾರೇಜಿಗೆ ಬಂದರು.

ಸಾವ್ಕಾರರು ಕೆಟ್ಟವರಲ್ಲ. ಡ್ರೈವರಣ್ಣನ ಹೆಂಡತಿಗೆ ಫ್ಯಾಕ್ಟರಿಯಲ್ಲಿ ಬಾಟಲಿ ತೊಳೆಯುವ ಕೆಲಸ ಕೊಟ್ಟಿದ್ದರು. ಆದರೆ ಆಗ ಕಬಿನಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಎಚ್.ಡಿ. ಕೋಟೆ ಕಡೆಯ ಕೂಲಿಗಳ ಶೆಡ್ಡುಗಳಿಗೆ, ಇತ್ತ ಕಂಪಲಾಪುರ, ಪಿರಿಯಾಪಟ್ಟಣ, ಸಾಲಿಗ್ರಾಮದ ಅಂಗಡಿಗಳಿಗೆ ಗೋಲಿಸೋಡಾ ಹೋಗದಿದ್ದರೆ ಬೇರೆ ಊರಿನ ಸೋಡಾ ಬಂದು ಕೂರುತ್ತಿತ್ತು. “ಶಿವರಾತ್ರಿಗಂಟ ಎತ್ತಿನ ಗಾಡೀಲಿ, ಬಸ್ಸಿನ ಟಾಪಲ್ಲಿ ಎಂಗೋ ಸಾಗಿಸ್ತೀನಿ. ಆಮೇಲೆ ಬಿಸ್ಲು ಕಾಲ. ಕೆ.ಆರ್. ನಗರದ ಅಕ್ಕಿ ಗಿರಣಿ ಡ್ರೈವರ್ ಒಬ್ಬನಿಗೆ ಏಳಿಟ್ಟಿದೀನಿ. ನಿಮ್ಮ ಕೈಲಾಗ್ನಿಲ್ಲ ಅಂದ್ರೆ ಅಳೇ ಬಾಕ್ಸೇ ಕೂರಿಸ್ಕೊಡಿ, ಅವನು ಬಂದು ಓಡಿಸ್ತಾನೆ” ಎಂದರು. ಡ್ರೈವರಣ್ಣ ಅಲ್ಲೇ ಸೋಡಾ ಕ್ರೇಟಿನ ಮೇಲೆ ಕೂತಿದ್ದರು.

ಮಾವ, ನಾನು, ಡ್ರೈವರಣ್ಣ, ನಮ್ಮ ಮೂವರಲ್ಲಿ ಯಾರೂ ಆಟೊಮ್ಯಾಟಿಕ್ ಬಾಕ್ಸನ್ನು ಬಿಚ್ಚಿದವರಲ್ಲ. ಮಾವ ಜೀಪು, ಲಾರಿ, ಬಸ್ಸುಗಳಲ್ಲಿ ಪಳಗಿದವರು. ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪಳಗಿ, ಪದವಿ ಮುಗಿಸಿ, ಕೆಲಸ ಸಿಗುವವರೆಗೆಂದು ಮಾವನ ಕೈಕೆಳಗೆ ಸೇರಿದವನು. ಕಾರಿನ ಕೆಳಗೆ ಮಲಗಿ ಬಾಕ್ಸನ್ನು ಇಳಿಸಿದಾಗ ಅದರ ಮೂತಿಯಲ್ಲಿ ಎಣ್ಣೆ ತುಂಬಿದ ದೊಡ್ಡ ಉಕ್ಕಿನ ಉಂಡೆಯೊಂದಿತ್ತು. ಕ್ಲಚ್ಚಿನ ಬದಲು ಎಂಜಿನ್ನಿನ ಸೆಳೆತವನ್ನು ಎಣ್ಣೆಯ ಮೂಲಕವೇ ದಾಟಿಸುವ ಭಾಗ ಅದು. ಅದರ ಹೆಸರು ಬಾಯಿಗೆ ಹಿಡಿಯದೆ ಮಾವ ಕುಂಬಳಕಾಯಿ ಎಂದರು, ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು. ಒಳಗಿನ ಎಣ್ಣೆ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಅದೊಂದೇ ನಮಗೆ ಸಿಕ್ಕ ಶುಭಸೂಚನೆ.

ಪಿಕಪ್ಪಿನ ಎಂಜಿನ್ನಿನ ಬೆನ್ನಿಗೆ ಆ ಬಾಕ್ಸನ್ನು ಹಿಡಿದು ನೋಡಿದೆವು. ಆರು ಬೋಲ್ಟಿನ ತೂತುಗಳಲ್ಲಿ ಸೇರಿದ್ದು ಎರಡು. ಬಾಕ್ಸು ಹಳೆಯದಕ್ಕಿಂತ ಮೊಳದಷ್ಟು ಉದ್ದ. ಅದನ್ನು ಹೊರಬೇಕಾದ ಚಾಸಿಯ ಅಡ್ಡಪಟ್ಟಿ ಅದರ ಹೊಟ್ಟೆಗೇ ಬರುತ್ತಿತ್ತು. “ಒಂದೇ ಕಂಪನಿ” ಎಂದೆ ನಾನು. ಮಾವ ನನ್ನನ್ನು ನೋಡಿದ ರೀತಿಗೆ ಮುಂದಿನ ವಾಕ್ಯವನ್ನು ನುಂಗಿಕೊಂಡೆ.

ಎರಡರ ನಡುವೆ ಒಂದು ದಪ್ಪ ಪ್ಲೇಟು ಬೇಕು ಎಂದು ತೀರ್ಮಾನವಾಯಿತು. ಅದರ ಒಂದು ಸಾಲು ತೂತು ಎಂಜಿನ್ನಿಗೆ, ಇನ್ನೊಂದು ಸಾಲು ಬಾಕ್ಸಿಗೆ, ಮಧ್ಯೆ ಬಾಕ್ಸಿನ ಬಾಯಂಚು ಕೂರುವಷ್ಟು ಅಗಲದ ದುಂಡು ಕಿಂಡಿ. ಎಂಜಿನ್ನಿನ ಬೆನ್ನಿಗೆ ಗ್ರೀಸು ಬಳಿದು, ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಅದರ ಮೇಲೆ ಒತ್ತಿದೆವು. ತೂತುಗಳೆಲ್ಲ ಹಾಳೆಯ ಮೇಲೆ ಅಚ್ಚಾಗಿ ಬಂದವು. ಬಾಕ್ಸಿಗೂ ಹಾಗೇ. ಎರಡು ಹಾಳೆಗಳನ್ನು ಸುರುಳಿ ಸುತ್ತಿ ನಾನು ಮೈಸೂರಿನ ಲೇತಿನವರಲ್ಲಿಗೆ ಹೋದೆ. ಅವರು ಪ್ಲೇಟನ್ನು ಕೊರೆದು, ಕುಂಬಳಕಾಯಿಯ ಮೂತಿ ಎಂಜಿನ್ನಿನ ತುದಿಯಲ್ಲಿ ಅಲುಗಾಡದಂತೆ ಹಿತ್ತಾಳೆಯ ಬಳೆಯಂಥ ಬುಷ್ಷೊಂದನ್ನೂ ತಿರುವಿಕೊಟ್ಟರು. ಆ ಪ್ಲೇಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಣಸೂರಿಗೆ ಬಂದಾಗ ಕಾಲು ಮರಗಟ್ಟಿತ್ತು. ಇಳಿದು ಕುಂಟುತ್ತ ಬಂದ ನನ್ನನ್ನು ನೋಡಿ ಡ್ರೈವರಣ್ಣ, “ಏನ್ ತಮ್ಮ, ನನ್ನನ್ನ ಅಣಗಿಸ್ತೀಯ?” ಎಂದು ನಕ್ಕರು. ಆ ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಅಡ್ಡಪಟ್ಟಿಯನ್ನು ಕತ್ತರಿಸಿ ಹಿಂದಕ್ಕೆ ಸರಿಸಿ ಬೆಸೆದೆವು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಗಿಡ್ಡ ಮಾಡಿದೆವು. ಕ್ಲಚ್ ಪೆಡಲನ್ನು ಬುಡಸಮೇತ ತೆಗೆದುಹಾಕಿದೆವು. ಬ್ರೇಕಿಗೆ ಪಿಕಪ್ಪಿನ ಪುಟ್ಟ ಪೆಡಲಿನ ಬದಲು ಕಾರಿನದೇ ಅಗಲವಾದ ಪೆಡಲನ್ನು ಮಾವ ಕೂರಿಸಿದರು. ಇರುವ ಒಂದು ಕಾಲು ಅವಸರದಲ್ಲಿ ಗುರಿ ತಪ್ಪಬಾರದು ಎಂಬುದು ಅವರ ಲೆಕ್ಕ.

ಮೊದಲ ಸಲ ರಸ್ತೆಗೆ ತೆಗೆದ ದಿನ ಮಾವ ಚಕ್ರದಡಿ ನಿಂಬೆಹಣ್ಣಿಟ್ಟರು. ನಿಂಬೆಹಣ್ಣಿಗೂ ಗೇರ್‌ಬಾಕ್ಸಿಗೂ ಏನು ಸಂಬಂಧ ಎಂದು ನಾನು ಕೇಳಿಯೇ ಕೇಳಿದೆ. ಡ್ರೈವರಣ್ಣ ಸ್ಟಿಯರಿಂಗಿಗೆ ಕೂತು, ಲಿವರನ್ನು ಎಳೆದು, ಬಲಗಾಲನ್ನು ಮೆಲ್ಲಗೆ ಒತ್ತಿದರು. ಗಾಡಿ ಸದ್ದಿಲ್ಲದೆ ಹೊರಟಿತು. ಪಿರಿಯಾಪಟ್ಟಣದ ದಾರಿಯಲ್ಲಿ ಊರು ದಾಟುವವರೆಗೂ ಅವರು ನನ್ನ ಕಡೆ ತಿರುಗಲಿಲ್ಲ. ಕಣ್ಣು ತುಂಬಿತ್ತೇನೋ, ನಾನೂ ನೋಡಲು ಹೋಗಲಿಲ್ಲ. ಆಮೇಲೆ ಒಂದು ಏರು ಬಂತು. ಕೆಳಗಿನಿಂದ ಕಟಕಟ ಎಂಬ ಸದ್ದು, ಅದು ಜೋರಾಯಿತು, ತಗಡು ಹರಿದಂಥ ಒಂದು ಶಬ್ದ. ಎಂಜಿನ್ನು ಓಡುತ್ತಲೇ ಇತ್ತು, ಗಾಡಿ ನಿಂತಿತ್ತು.

ಎತ್ತು ಕಟ್ಟಿ ಎಳೆಸಿಕೊಂಡು ಹೋಗೋಣ ಎಂದರು ಸುತ್ತ ನೆರೆದವರು. ನಮ್ಮ ಕಡೆ ಕೆಟ್ಟ ಗಾಡಿಯನ್ನೆಲ್ಲ ಎಳೆಯುವುದೇ ಹಾಗೆ. ನಾನು ಬಿಡಲಿಲ್ಲ. ಎಂಜಿನ್ನು ನಿಂತಿರುವಾಗ ಚಕ್ರ ತಿರುಗಿದರೆ ಬಾಕ್ಸಿನೊಳಗೆ ಎಣ್ಣೆ ಓಡಾಡದು, ಒಣಗಿ ಸವೆಯುತ್ತದೆ. ಮೊದಲು ಶಾಫ್ಟ್ ಬಿಚ್ಚಬೇಕು ಎಂದು ರಸ್ತೆಯಲ್ಲೇ ನಿಂತು ವಾದಿಸಿದೆ. ಎತ್ತಿನವನು ಬೀಡಿ ಹಚ್ಚಿ ಕೂತು, “ಬಾಯಲ್ಲೇ ಎಳ್ದು ಬುಡು ಮತ್ತೆ” ಎಂದ. ಕೊನೆಗೆ ಶಾಫ್ಟ್ ಬಿಚ್ಚಿದ ಮೇಲೆಯೇ ಎತ್ತು ಕಟ್ಟಿದ್ದು.

ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ, ಕುಂಬಳಕಾಯಿಯನ್ನು ಎಂಜಿನ್ನಿಗೆ ಕಟ್ಟುವ ತೆಳು ತಟ್ಟೆ ನಡುವಿನಲ್ಲೇ ಸೀಳಿ ಹೋಗಿತ್ತು. “ನಿಂಬೆಹಣ್ಣು ಏನು ಮಾಡ್ತು ಮಾವ?” ಎಂದೆ. “ನೀನು ಬಾಯಿ ಹಾಕಿದ್ಕೇ ಹಿಂಗಾಗಿದ್ದು, ಮುಚ್ಕೊಂಡಿರು” ಎಂದರು. ಆಮೇಲೆ ಕೈಯೊರೆಸುವ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದು ಇನ್ನೊಂದು ಮಾತು ಹೇಳಿದರು: “ಸಾಕು ಕಣ್ಲಾ. ಅಳೇ ಬಾಕ್ಸ್ ಕೂರಿಸ್ಬುಡಾನ. ಅಂಥ ತಟ್ಟೆ ಇಲ್ಲಿ ಎಲ್ಲಿ ಸಿಕ್ತದೆ? ಸಿಕ್ರೂ ಮತ್ತೆ ಸೀಳ್ತದೆ.”

ಮರುದಿನ ಡ್ರೈವರಣ್ಣ ಬರುವ ಮೊದಲೇ ಅವರ ಹೆಂಡತಿ ಬಂದರು. ಬಾಟಲಿ ತೊಳೆದು ಬೆರಳೆಲ್ಲ ಬಿಳಿಚಿಕೊಂಡಿದ್ದವು. ಒಳಗೆ ಬರದೆ ಬಾಗಿಲಲ್ಲೇ ನಿಂತು ಮಾವನಿಗೆ ಹೇಳಿದರು: “ಅಣ್ಣಾ, ಆಗಕಿಲ್ಲ ಅಂದ್ರೆ ಆಗಕಿಲ್ಲ ಅಂತ ಬಾಯ್ಬಿಟ್ಟು ಏಳ್ಬುಡಿ. ಬೆಳಗಾದ್ರೆ ಎದ್ದು ಖಾಕಿ ಅಂಗಿ ಆಕ್ಕಂಡು ಇಲ್ಲಿಗೆ ಬತ್ತಾರೆ. ಇಲ್ಲೇನು ಡ್ಯೂಟಿ ಇದ್ದದು ಅವರ್ಗೆ? ರಾತ್ರಿ ಸರಿಯಾಗಿ ಉಣ್ಣಕಿಲ್ಲ. ಗಾಡಿ ಕೈಗೆ ಬರಕಿಲ್ಲ ಅಂತ ಗೊತ್ತಾದ್ರೆ ಒಂದಪ ಅತ್ತು ಸುಮ್ಕಾಯ್ತಾರೆ. ಇಂಗೆ ಆಸೆ ತೋರ್ಸಿ ತೋರ್ಸಿ ಸಾಯಿಸ್ಬೇಡಿ.”

ಯಾವ ವೇದಿಕೆಯಲ್ಲೂ ನನಗೆ ಇಷ್ಟು ಚೊಕ್ಕವಾದ ಎದುರುವಾದ ಸಿಕ್ಕಿರಲಿಲ್ಲ. ಮಾವ ತಲೆ ತಗ್ಗಿಸಿದರು. ಅವರು ಬಾಯಿಬಿಟ್ಟರೆ “ಆಗಕಿಲ್ಲಮ್ಮ” ಎಂದೇ ಹೇಳುತ್ತಾರೆಂದು ಗೊತ್ತಾಗಿ ನಾನು ನಡುವೆ ಬಾಯಿ ಹಾಕಿದೆ. “ಅಕ್ಕ, ತಟ್ಟೆ ಯಾಕೆ ಸೀಳ್ತು ಅಂತ ಇನ್ನೂ ನಾವು ನೋಡೇ ಇಲ್ಲ. ಅದು ಗೊತ್ತಾಗದೆ ಆಗುತ್ತೆ ಅನ್ನೋದೂ ಸುಳ್ಳು, ಆಗಲ್ಲ ಅನ್ನೋದೂ ಸುಳ್ಳು. ಇವತ್ತು ಒಂದು ದಿನ ಕೊಡಿ.” ಅವರು ನನ್ನನ್ನು ಅಳೆದು ನೋಡಿ, “ಇವತ್ತೊಂದಿನ” ಎಂದು ಹೋದರು.

ಒಂದು ದಿನ ಕೇಳಿಬಿಟ್ಟಿದ್ದೆ, ಕೈಯಲ್ಲಿ ಏನೂ ಇರಲಿಲ್ಲ. ತಟ್ಟೆಯ ಸೀಳನ್ನು ಹಿಡಿದು ಕೂತೆ. ಒಮ್ಮೆಲೇ ಮುರಿದಿದ್ದರೆ ಅಂಚು ಒರಟಾಗಿರಬೇಕಿತ್ತು. ಆದರೆ ಅಂಚು ನುಣ್ಣಗೆ ಉಜ್ಜಿದಂತಿತ್ತು. ಅಂದರೆ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ ಪ್ರತಿ ಸುತ್ತಿಗೂ ಬಗ್ಗಿದೆ. ಪ್ರತಿ ಸುತ್ತಿಗೂ ಯಾಕೆ ಬಗ್ಗಬೇಕು? ಎಂಜಿನ್ನಿನ ನಡುವೂ ಬಾಕ್ಸಿನ ನಡುವೂ ಒಂದೇ ಗೆರೆಯಲ್ಲಿಲ್ಲದಿದ್ದರೆ.

ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ. ಗೋಣಿ ಹೊಲಿಯುವ ದಬ್ಬಣವೊಂದನ್ನು ಎಂಜಿನ್ನಿನ ತುದಿಗೆ ಬಿಗಿದು, ಅದರ ಮೊನೆ ದಪ್ಪ ಪ್ಲೇಟಿನ ದುಂಡು ಕಿಂಡಿಯ ಅಂಚನ್ನು ಸವರುವಂತೆ ಮಾಡಿ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದೆವು. ಕೆಳಗಡೆ ಮೊನೆ ಅಂಚಿಗೆ ಕೆರೆಯುತ್ತಿತ್ತು. ಮೇಲುಗಡೆ ಬೆಂಕಿಪೊಟ್ಟಣದ ರಟ್ಟು ಆರಾಮವಾಗಿ ತೂರುತ್ತಿತ್ತು. ಪ್ಲೇಟು ಅಷ್ಟು ಮೇಲೆ ಕೂತಿತ್ತು. ಕಾಗದದ ಅಚ್ಚು, ಬೋಲ್ಟಿನ ಸಡಿಲ, ಎಲ್ಲ ಸೇರಿ ಅಷ್ಟು ತಪ್ಪಾಗಿತ್ತು.

“ಹೊಸ ಪ್ಲೇಟ್ ಮಾಡಿಸ್ಬೇಕು. ಶಿವರಾತ್ರಿ ಒಳಗೆ ಆಗ ಮಾತಲ್ಲ” ಎಂದರು ಮಾವ.

“ಬೇಡ ಮಾವ. ಇದರ ತೂತುಗಳನ್ನೇ ಅಗಲ ಮಾಡೋಣ. ಪ್ಲೇಟನ್ನ ಅತ್ತಿತ್ತ ಸರಿಸಿ, ದಬ್ಬಣ ಸುತ್ತಲೂ ಒಂದೇ ಸಮ ಸವರೋ ಹಂಗೆ ನಿಲ್ಲಿಸಿ ಬಿಗಿಯೋಣ.”

“ತೂತು ಅಗಲ ಮಾಡಿದ್ರೆ ಬೋಲ್ಟು ಅಳ್ಳಾಡ್ತದೆ ಕಣ್ಲಾ. ಗುಂಡಿ ರಸ್ತೆಗೆ ಬಿದ್ದೇಟ್ಗೆ ಮತ್ತೆ ಸರೀತದೆ.”

“ಬೋಲ್ಟಿನ ಕೆಲಸ ಬಿಗಿಯೋದು. ಜಾಗ ಹಿಡಿಯೋದಕ್ಕೆ ಪಿನ್ನು ಹೊಡೆಯೋಣ. ಪ್ಲೇಟ್ ಸರಿಯಾದ ಜಾಗದಲ್ಲಿದ್ದಾಗ ಅದನ್ನೂ ಎಂಜಿನ್ ಬೆನ್ನನ್ನೂ ಒಟ್ಟಿಗೆ ಕೊರೆದು ಉಕ್ಕಿನ ಪಿನ್ನು ಕೂರಿಸಿದರೆ ಅದು ಎಲ್ಲಿಗೂ ಹೋಗಲ್ಲ.”

ಮಾವ ಎಂಜಿನ್ನಿನ ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿದರು. ಅವರ ಅಳುಕು ನನಗೆ ಅರ್ಥವಾಯಿತು. ಎಂಜಿನ್ನಿನ ಬೆನ್ನು ಬೀಡು ಕಬ್ಬಿಣ. ಕೊರೆಯುವಾಗ ಬಿರುಕು ಬಿಟ್ಟರೆ ಹೊಸ ಬಾಕ್ಸೂ ಇಲ್ಲ, ಹಳೆ ಬಾಕ್ಸೂ ಇಲ್ಲ. ಸಾವ್ಕಾರರ ಗಾಡಿಯೇ ಗುಜರಿ.

ಆಗ ಡ್ರೈವರಣ್ಣ ಕ್ರೇಟಿನ ಮೇಲಿಂದ ಹೇಳಿದರು: “ಆಸ್ಪತ್ರೇಲಿ ಡಾಕ್ಟ್ರೂ ಇಂಗೇ ನಿಂತಿದ್ರು ಕಣಣ್ಣ, ಕಡಿಯದಾ ಬುಡದಾ ಅಂತ. ನಾನೇ ಕಡೀರಿ ಅಂದೆ. ನೀವೂ ಕೊರೀರಿ.”

“ಎಂಜಿನ್ನು ನಿಂದಲ್ಲ ಕಣಪ್ಪ” ಎಂದರು ಮಾವ.

“ಆ ಕಾಲೂ ನಂದಾಗಿರ್ನಿಲ್ಲ ಬುಡಿ. ವರ್ಸಾನ್‌ಗಟ್ಲೆ ಸಾವ್ಕಾರ್ರ ಕ್ಲಚ್ಚೇ ತುಳೀತಿತ್ತು.”

ಮಾವ ಎದ್ದು ಡ್ರಿಲ್ಲನ್ನು ಕೈಗೆತ್ತಿಕೊಂಡರು. ಸಾವ್ಕಾರರನ್ನು ಕೇಳಬೇಕಲ್ಲವೇ ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂತು. ಕೇಳಿದರೆ ಅವರು ಬೇಡ ಎನ್ನುತ್ತಾರೆ, ಅದರಲ್ಲಿ ಸಂಶಯವಿರಲಿಲ್ಲ. ಮಾವನಿಗೂ ಅದು ಗೊತ್ತಿತ್ತು. ತೂತುಗಳನ್ನು ಅಗಲ ಮಾಡಿ, ಮರದ ಸುತ್ತಿಗೆಯಲ್ಲಿ ಪ್ಲೇಟನ್ನು ಕೂದಲೆಳೆಯಷ್ಟು ತಟ್ಟಿ, ದಬ್ಬಣ ತಿರುಗಿಸಿ, ಮತ್ತೆ ತಟ್ಟಿ, ಮತ್ತೆ ತಿರುಗಿಸಿ, ಬಿಸಿಲು ಇಳಿಯುವ ಹೊತ್ತಿಗೆ ಮೊನೆ ಸುತ್ತಲೂ ಒಂದೇ ಸದ್ದಿನಲ್ಲಿ ಸವರತೊಡಗಿತು. ಆಮೇಲೆ ಮಾವ ಕೊರೆದರು. ಕೈ ಡ್ರಿಲ್ಲಿನ ಹಿಡಿಯನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಚೂರುಚೂರೇ ಒಳಗಿಳಿಸುತ್ತಿದ್ದರು. ಒಂದು ಸಲ ಟಕ್ ಎಂದಿತು. ಮೂವರೂ ಕಲ್ಲಾದೆವು. ಮುರಿದದ್ದು ಡ್ರಿಲ್ಲಿನ ಕಡ್ಡಿ. ಅದರ ತುಣುಕನ್ನು ಹೊರಗೆ ತೆಗೆಯುವಷ್ಟರಲ್ಲಿ ಮಾವನ ಬನಿಯನ್ನು ಹಿಂಡುವಂತಾಗಿತ್ತು. ಎಂಜಿನ್ನು ಬಿರುಕು ಬಿಡಲಿಲ್ಲ. ಪಿನ್ನುಗಳು ಕೂತವು.

ತೆಳು ತಟ್ಟೆಗೆ ಸಾಮಿಲ್ಲೇ ಗತಿಯಾಯಿತು. ಸವೆದ ದುಂಡು ಗರಗಸಗಳು ಹುಣಸೂರಿನ ಸಾಮಿಲ್ಲುಗಳ ಹಿಂದೆ ರಾಶಿ ಬಿದ್ದಿರುತ್ತಿದ್ದವು. ಒಂದನ್ನು ತಂದು, ಹಲ್ಲು ಕತ್ತರಿಸಿ, ಇದ್ದಿಲಿನಲ್ಲಿ ಕಾಯಿಸಿ ಬೂದಿಯಲ್ಲಿ ನಿಧಾನ ಆರಲು ಬಿಟ್ಟು ಮೆತ್ತಗೆ ಮಾಡಿ ತೂತು ಹಾಕಿದೆವು. ಎರಡನೆಯ ಸಲ ರಸ್ತೆಗೆ ಹೋದಾಗ ಆ ಏರನ್ನು ಹತ್ತಿತು. ಆದರೆ ಹತ್ತಿ ಇಳಿಯುವಷ್ಟರಲ್ಲಿ ಬಾಕ್ಸಿನ ಎಣ್ಣೆ ಕಾದು ಹೊಗೆ ಬಂತು. ಕಾರಿನಲ್ಲಿ ಆ ಎಣ್ಣೆಯನ್ನು ರೇಡಿಯೇಟರೇ ತಂಪು ಮಾಡುತ್ತಿತ್ತು, ಪಿಕಪ್ಪಿನ ರೇಡಿಯೇಟರಿಗೆ ಆ ಏರ್ಪಾಡಿರಲಿಲ್ಲ. ಮತ್ತೆ ಹಿಂದಕ್ಕೆ. ಡ್ರೈವರಣ್ಣನೇ ಫ್ಯಾಕ್ಟರಿಗೆ ಹೋಗಿ, ಕೆಟ್ಟುಹೋದ ಸೋಡಾ ಮಿಷನ್ನಿನ ತಾಮ್ರದ ಪೈಪನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಬಂದರು. ಅದನ್ನು ಸುರುಳಿ ಸುತ್ತಿ ಗಾಳಿ ಬೀಸುವ ಕಡೆ, ರೇಡಿಯೇಟರಿನ ಮುಂದೆ ಕಟ್ಟಿದೆವು. ಎಣ್ಣೆ ಅದರೊಳಗೆ ಹರಿದು ತಣ್ಣಗಾಗಿ ಹಿಂದಿರುಗಿತು.

ಬ್ರೇಕ್ ಇನ್‌ಸ್ಪೆಕ್ಟರು ಮಾತಿಗೆ ತಪ್ಪುವವರೆಂದು ನಾನು ಮಾವನ ಹತ್ತಿರ ಪಂತ ಕಟ್ಟಿದ್ದೆ, ಸೋತೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರು, ಇಳಿಜಾರಿನಲ್ಲಿ ನಿಲ್ಲಿಸಿದರು, ಕೆಳಗೆ ಬಗ್ಗಿ ಕ್ಲಚ್ ಇಲ್ಲದ್ದನ್ನು ನೋಡಿದರು, ಲೈಸೆನ್ಸಿಗೆ ಸಹಿ ಹಾಕಿದರು.

ಇಲ್ಲಿಗೆ ಮುಗಿಯಬೇಕಿತ್ತು. ಮಾರನೆಯ ದಿನ ಸಾವ್ಕಾರರು ಗ್ಯಾರೇಜಿಗೆ ಬಂದಾಗ ಅವರ ಜೊತೆ ಕೆ.ಆರ್. ನಗರದ ಡ್ರೈವರೂ ಇದ್ದ. ಗಟ್ಟಿಮುಟ್ಟಾದ ಆಳು. ಪಿಕಪ್ಪಿನ ಹಿಂದೆ ಆಗಲೇ ಸೋಡಾ ಕ್ರೇಟುಗಳನ್ನು ಏರಿಸುತ್ತಿದ್ದರು. ಸಾವ್ಕಾರರು ಡ್ರೈವರಣ್ಣನ ಮುಖ ನೋಡದೆ ಮಾವನಿಗೆ ಹೇಳಿದರು: “ಬಲೇ ಕೆಲ್ಸ ಮಾಡಿದ್ದೀಯ ಕಣಯ್ಯ. ಆದ್ರೆ ಯೋಚ್ನೆ ಮಾಡು. ಗೇರೇ ಇಲ್ಲದ ಗಾಡೀನ ಯಾರು ಬೇಕಾದ್ರೂ ಓಡಿಸ್ತಾರೆ. ಕಾಡು ದಾರೀಲಿ ಟೈರ್ ಪಂಚರಾದ್ರೆ, ಕ್ರೇಟ್ ಇಳಿಸ್ಬೇಕಾದ್ರೆ, ಎರಡು ಕಾಲಿರೋನು ವಾಸಿ ಅಲ್ವಾ? ಅವನ್ಗೆ ಫ್ಯಾಕ್ಟ್ರೀಲಿ ಕುಂತು ಮಾಡೋ ಕೆಲ್ಸ ಏನಾದ್ರೂ ಕೊಡಾನ.”

ನಾವು ಗಾಡಿಯನ್ನು ಗೆಲ್ಲಿಸಿ ಮನುಷ್ಯನನ್ನು ಸೋಲಿಸಿದ್ದೆವು. ನನ್ನ ಬಳಿ ಉತ್ತರಗಳಿದ್ದವು, ಒಂದಲ್ಲ, ಹತ್ತು. ಬಾಯಿ ತೆರೆಯುವಷ್ಟರಲ್ಲಿ ಡ್ರೈವರಣ್ಣ ಊರುಗೋಲನ್ನು ನನ್ನ ಮುಂದೆ ಅಡ್ಡ ಹಿಡಿದರು. “ಬುಡು ತಮ್ಮ. ನೋಡಾನ” ಎಂದರು. ಅವರ ಖಾಕಿ ಅಂಗಿಗೆ ಆ ದಿನ ಇಸ್ತ್ರಿ ಹಾಕಿತ್ತು.

ಹೊಸ ಡ್ರೈವರು ಹತ್ತಿ ಕೂತ. ಸಾವ್ಕಾರರು ಪಕ್ಕದಲ್ಲಿ, ನಾನು ಹಿಂದೆ ಕ್ರೇಟುಗಳ ನಡುವೆ. ಗ್ಯಾರೇಜಿನಿಂದ ಹೊರಟು ರಸ್ತೆಗೆ ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಮುಂದೆ ಒಂದು ಎಮ್ಮೆ ಅಡ್ಡ ಬಂತು. ಆತ ನಿಧಾನ ಮಾಡಬೇಕೆಂದು ಬಲಗಾಲನ್ನು ಎತ್ತಿದ. ಎತ್ತಿದೊಡನೆ, ಎಷ್ಟೋ ವರ್ಷದಿಂದ ಲಾರಿಯ ಕ್ಲಚ್ಚನ್ನು ನೆಲಕ್ಕೆ ಒದ್ದು ಅಭ್ಯಾಸವಾದ ಅವನ ಎಡಗಾಲು ತಾನಾಗಿಯೇ ಎದ್ದು, ಮೈಯ ಭಾರವನ್ನೆಲ್ಲ ಹಾಕಿ ತುಳಿಯಿತು. ಅಲ್ಲಿ ಕ್ಲಚ್ ಇರಲಿಲ್ಲ. ಅಗಲವಾದ ಬ್ರೇಕ್ ಪೆಡಲಿತ್ತು.

ಗಾಡಿ ನಿಂತಲ್ಲೇ ನಾಟಿಕೊಂಡಿತು. ಕ್ರೇಟುಗಳು ಮುಂದಕ್ಕೆ ನುಗ್ಗಿದವು, ಸಾವ್ಕಾರರ ಹಣೆ ಗಾಜಿಗೆ ಬಡಿಯಿತು. ಸೋಡಾ ಬಾಟಲಿಗಳು ಪಟಪಟ ಸಿಡಿದು ನಾನು ತೋಯ್ದುಹೋದೆ.

“ಏನೋ ಅದು!” ಎಂದರು ಸಾವ್ಕಾರರು.

“ಬ್ರೇಕ್ ಇಡ್ಕೊಂಬುಡ್ತು ಸಾವ್ಕಾರ್ರೆ. ಇನ್ನೊಂದಪ ನೋಡ್ತೀನಿ.” ಇನ್ನೊಂದು ಸಲ ಸಂತೆಮಾಳದ ತಿರುವಿನಲ್ಲಿ ಹಾಗೇ ಆಯಿತು. ಮೂರನೆಯ ಸಲ ಎಡಗಾಲನ್ನು ಮಡಚಿ ಅದರ ಮೇಲೇ ಕೂತು ನೋಡಿದ. ಸೈಕಲ್ಲೊಂದು ಎದುರಾದಾಗ ಕಾಲು ಕೆಳಗಿನಿಂದ ಬಿಡಿಸಿಕೊಂಡು ಬಂದು ತುಳಿದೇ ತುಳಿಯಿತು. ಆತ ಎಂಜಿನ್ ನಿಲ್ಲಿಸಿ ಕೆಳಗಿಳಿದ. “ಈ ಕಾಲು ನನ್ನ ಮಾತೇ ಕೇಳಕಿಲ್ಲ ಸಾವ್ಕಾರ್ರೆ. ನಂಗೆ ನಮ್ಮ ಅಕ್ಕಿ ಗಿರಣಿ ಲಾರೀನೇ ಸಾಕು. ಇದ್ರಲ್ಲಿ ಕೋಟೆಗೆ ಓಗೋವತ್ಗೆ ಒಂದು ಬಾಟ್ಲೂ ಉಳಿಯಕಿಲ್ಲ” ಎಂದು ಟವೆಲಿನಿಂದ ಮುಖ ಒರೆಸಿಕೊಂಡ.

ಸಾವ್ಕಾರರು ಹಣೆ ತಿಕ್ಕಿಕೊಳ್ಳುತ್ತ ನಮ್ಮ ಹಿಂದೆ ಸೈಕಲ್ಲಿನಲ್ಲಿ ಬಂದಿದ್ದ ಮಾವನನ್ನು ಕೇಳಿದರು: “ಇದಕ್ಕೆ ಏನೂ ಮಾಡಕಾಗಕಿಲ್ವೇನಯ್ಯ?”

ಮಾಡಬಹುದಿತ್ತು. ಬಹಳ ಸುಲಭವಿತ್ತು. ಅಗಲವಾದ ಪೆಡಲನ್ನು ಬಿಚ್ಚಿ ಹಳೆಯ ಪುಟ್ಟ ಪೆಡಲನ್ನು ಹಾಕಿದ್ದರೆ ಆ ಎಡಗಾಲು ಬರಿಯ ನೆಲವನ್ನು ತುಳಿಯುತ್ತಿತ್ತು. ಮಾವ ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

“ಕಾಲಿನ ರೂಢಿ ಸಾವ್ಕಾರ್ರೆ” ಎಂದರು ಮಾವ. “ಅದಕ್ಕೆ ನಮ್ಮತ್ರ ಸ್ಪ್ಯಾನರ್ ಇಲ್ಲ.”

ಗ್ಯಾರೇಜಿಗೆ ಹಿಂದಿರುಗಿದೆವು. ಒಡೆದ ಗಾಜನ್ನು ಗುಡಿಸಿ ಹೊಸ ಕ್ರೇಟು ಏರಿಸಿದರು. ಸಾವ್ಕಾರರು ಡ್ರೈವರಣ್ಣನ ಕಡೆ ತಿರುಗಿ, “ಗಾಡಿ ಅತ್ತು” ಎಂದರು, ಅಷ್ಟೇ. ಊರುಗೋಲನ್ನು ಸೀಟಿನ ಹಿಂದೆ ತುರುಕಿ ಡ್ರೈವರಣ್ಣ ಕೂತರು. ಅವರ ಎಡಗಡೆ ತುಳಿಯಲು ಏನೂ ಇರಲಿಲ್ಲ, ತುಳಿಯುವ ಕಾಲೂ ಇರಲಿಲ್ಲ. ಗಾಡಿ ಎಚ್.ಡಿ. ಕೋಟೆಯ ರಸ್ತೆಗೆ ಎಷ್ಟು ನಯವಾಗಿ ಹೊರಳಿತೆಂದರೆ ಒಂದು ಬಾಟಲಿಯೂ ಕಿಣಿ ಎನ್ನಲಿಲ್ಲ.

ಸಂಜೆಯವರೆಗೂ ಮಾವ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ, ಸುಮ್ಮನೆ ರಸ್ತೆ ನೋಡುತ್ತ ಕೂತಿದ್ದರು. ದೀಪ ಹಚ್ಚುವ ಮುಂಚೆ ಗ್ಯಾರೇಜಿನ ಮುಂದೆ ಹಾರ್ನು ಕೇಳಿತು. ಒಂದು ಸಲವಲ್ಲ, ಕೈ ತೆಗೆಯದೆ ಒತ್ತಿ ಹಿಡಿದ ಹಾರ್ನು. ಇಷ್ಟು ದಿನ ನಮ್ಮ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ ಮನುಷ್ಯ ಕಿಟಕಿಯಿಂದ ತಲೆ ಹೊರಹಾಕಿ ಬೈಯುತ್ತಿದ್ದರು:

“ಏನ್ ಕೆಲ್ಸ ಮಾಡೀರಯ್ಯ ನೀವು? ರಿವರ್ಸು ಸರಿಯಾಗಿ ಬೀಳಕಿಲ್ಲ, ಕೋಟೆ ಸಂತೇಲಿ ಜನ ಎಲ್ಲ ತಳ್ಬೇಕಾಯ್ತು. ಬೆಳಿಗ್ಗೆ ಸಾಲಿಗ್ರಾಮಕ್ಕೆ ಲೋಡು ಅದೆ, ನಂಗೆ ಟೈಮಿಲ್ಲ. ಈಗ್ಲೇ ನೋಡ್ಬುಡಿ.”

ಮಾವ ನನ್ನ ಬೆನ್ನಿಗೊಂದು ಗುದ್ದಿದರು. “ಕೇಳಿಸ್ತೇನ್ಲಾ? ಡ್ರೈವರ್ ಬಂದವ್ರೆ. ಓಗು, ಜಾಕು ತತ್ತಾ.”